ಊರಿಲ್ಲದ ಸ್ಟೇಷನ್: ವರ್ನಿ ಜಂಕ್ಷನ್ನಿನ ಕತೆ

(ಮಿಲ್ಟನ್ ಕೀನ್ಸ್‌ನಲ್ಲಿ ಕನ್ನಡದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ತುಂಬ ಸಂತೋಷ.

ಇವತ್ತು ನಾನು ಹೇಳಲಿರುವುದು ಒಂದು ಸಣ್ಣ ರೈಲ್ವೆ ಸ್ಟೇಷನ್ನಿನ ಕತೆ. ಹೆಸರು ವರ್ನಿ ಜಂಕ್ಷನ್. ನಾವು ಕೂತಿರುವ ಈ ಜಾಗದಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ, ಬಕಿಂಗ್‌ಹ್ಯಾಂಶೈರ್‌ನ ಹೊಲಗಳ ನಡುವೆ. ಆದರೂ ನಮ್ಮಲ್ಲಿ ಅದರ ಹೆಸರು ಕೇಳಿದವರು ಕಡಿಮೆ. 1968ರ ಮೊದಲ ದಿನದಿಂದ ಅಲ್ಲಿ ಜನರನ್ನು ಹತ್ತಿಸಿಕೊಳ್ಳಲು ಒಂದು ಗಾಡಿಯೂ ನಿಂತಿಲ್ಲ.

ಇಂಗ್ಲೆಂಡಿನಲ್ಲಿ ಮುಚ್ಚಿದ ಹಳ್ಳಿ ಸ್ಟೇಷನ್ನುಗಳಿಗೆ ಲೆಕ್ಕವಿಲ್ಲ. ಅವುಗಳ ಮಾತು ಬಂದರೆ ಇಲ್ಲಿನವರು ತಕ್ಷಣ ಹೇಳುವ ಹೆಸರು ಡಾಕ್ಟರ್ ಬೀಚಿಂಗ್, ಆಗಿನ ಸರ್ಕಾರಿ ರೈಲ್ವೆ ಮಂಡಳಿಯ ಅಧ್ಯಕ್ಷರು. 1963ರ ಮಾರ್ಚ್‌ನಲ್ಲಿ ಅವರ ವರದಿ ಹೊರಬಂತು. 2,363 ಸ್ಟೇಷನ್ನುಗಳನ್ನು ಮುಚ್ಚಬೇಕು ಎಂದು ಅದು ಹೇಳಿತು. ಹಾಗಾಗಿ ಎಲ್ಲ ಸ್ಟೇಷನ್ನಿಗೂ ಒಂದೇ ಕತೆ ಹೇಳುವುದು ರೂಢಿಯಾಗಿದೆ. ಒಂದು ಊರಿತ್ತು, ಅಲ್ಲಿಗೆ ರೈಲು ಬಂತು, ಆಮೇಲೆ ಜನ ಕಾರು ಕೊಂಡರು, ಬೀಚಿಂಗ್ ಬಾಗಿಲು ಹಾಕಿಸಿದರು. ವರ್ನಿ ಜಂಕ್ಷನ್ನಿಗೆ ಈ ಕತೆ ಹೊಂದುವುದಿಲ್ಲ. ಅಲ್ಲಿ ಊರೇ ಇರಲಿಲ್ಲ. ಕೊನೆಗೆ ಬಾಗಿಲು ಹಾಕಿದಾಗ ಅದು ನಿಂತಿದ್ದ ಮುಖ್ಯ ಹಳಿ ಬೀಚಿಂಗ್ ಪಟ್ಟಿಯಲ್ಲೂ ಇರಲಿಲ್ಲ.

ಮತ್ತೆ ಅಲ್ಲಿ ಏನಿತ್ತು? ಹಳಿಗಳು ಕೂಡುವ ಜಾಗ ಇತ್ತು, ಅಷ್ಟೇ. ಆ ಸ್ಟೇಷನ್ ಬದುಕಿದ್ದೂ ಅದರಿಂದಲೇ, ಸತ್ತಿದ್ದೂ ಅದರಿಂದಲೇ.

ಮೊದಲು ಹಳಿ ಬಂದ ಬಗೆ ಹೇಳುತ್ತೇನೆ. 1850ರ ಮೇ 1ರಂದು ಬ್ಲೆಚ್ಲಿಯಿಂದ ಬಕಿಂಗ್‌ಹ್ಯಾಂ ಮೂಲಕ ಬ್ಯಾನ್‌ಬರಿಗೆ ರೈಲು ಶುರುವಾಯಿತು. ಮರುವರ್ಷ ಅದೇ ಹಳಿಯಿಂದ ಒಂದು ಕವಲು ಒಡೆದು ಆಕ್ಸ್‌ಫರ್ಡ್ ಮುಟ್ಟಿತು. ಕವಲು ಒಡೆದದ್ದು ಹೊಲದ ನಡುವೆ. ಅಲ್ಲಿ ಇಳಿಯುವವರು ಯಾರೂ ಇರಲಿಲ್ಲ. ಹಾಗಾಗಿ ಸುಮಾರು ಹದಿನೆಂಟು ವರ್ಷ ಅಲ್ಲಿ ಸ್ಟೇಷನ್ ಕೂಡ ಇರಲಿಲ್ಲ.

ಸ್ಟೇಷನ್ ಬಂದದ್ದು 1868ರ ಸೆಪ್ಟೆಂಬರ್ 23ಕ್ಕೆ. ಅವತ್ತು ದಕ್ಷಿಣದ ಏಲ್ಸ್‌ಬರಿ ಪಟ್ಟಣದಿಂದ ಹೊಸದೊಂದು ಹಳಿ ಬಂದು ಇಲ್ಲಿ ಸೇರಿತು. ಸುಮಾರು 20 ಕಿಲೋಮೀಟರ್ ಉದ್ದದ ಸಣ್ಣ ಹಳಿ. ಕಂಪನಿಯ ಹೆಸರು ಏಲ್ಸ್‌ಬರಿ ಅಂಡ್ ಬಕಿಂಗ್‌ಹ್ಯಾಂ ರೈಲ್ವೆ. ಈಗ ಒಂದು ಕಡೆಯಿಂದ ಬಂದವರು ಇಳಿದು ಇನ್ನೊಂದು ಕಡೆಯ ಗಾಡಿ ಹತ್ತಬೇಕಲ್ಲ, ಅದಕ್ಕೆ ಪ್ಲಾಟ್‌ಫಾರಂ ಬೇಕಾಯಿತು. ಪ್ಲಾಟ್‌ಫಾರಂ ಕಟ್ಟಿದ ಮೇಲೆ ಹೆಸರು ಬೇಕಾಯಿತು. ಊರಿನ ಹೆಸರಿಡೋಣ ಎಂದರೆ ಊರಿಲ್ಲ. ಜಮೀನು ಸರ್ ಹ್ಯಾರಿ ವರ್ನಿ ಎಂಬವರದು. ಅವರ ಹೆಸರನ್ನೇ ಇಟ್ಟರು.

ಈ ಸರ್ ಹ್ಯಾರಿ ಹುಟ್ಟಿದ್ದು ಹ್ಯಾರಿ ಕಾಲ್ವರ್ಟ್ ಎಂಬ ಹೆಸರಿನಲ್ಲಿ. ವರ್ನಿ ಮನೆತನದ ಆಸ್ತಿ ಕೈಗೆ ಬಂದಾಗ, 1827ರಲ್ಲಿ, ಹೆಸರು ಬದಲಿಸಿಕೊಂಡರು. ಪಾರ್ಲಿಮೆಂಟಿನ ಸದಸ್ಯರಾಗಿದ್ದರು. ಈ ಸೀಮೆಗೆ ರೈಲು ಬರಲಿ ಎಂದು ಬಹಳ ಓಡಾಡಿದರು. ಮುಂದೆ ಪಕ್ಕದಲ್ಲೇ ಕಾಲ್ವರ್ಟ್ ಎಂಬ ಇನ್ನೊಂದು ಸ್ಟೇಷನ್ ಬಂತು. ಅಂದರೆ ಒಬ್ಬರ ಎರಡು ಹೆಸರು ಅಕ್ಕಪಕ್ಕದ ಎರಡು ಸ್ಟೇಷನ್ ಬೋರ್ಡಿನ ಮೇಲೆ!

ಅವರ ಮನೆ ಕ್ಲೇಡನ್ ಹೌಸ್, ಸ್ಟೇಷನ್ನಿನಿಂದ ಕೆಲವೇ ಕಿಲೋಮೀಟರ್ ದೂರ. ಈಗಲೂ ಇದೆ, ಹೋಗಿ ನೋಡಬಹುದು. 1858ರಲ್ಲಿ ಅವರು ಮದುವೆಯಾದದ್ದು ಪಾರ್ಥೆನೋಪಿ ಎಂಬವರನ್ನು. ಆಕೆ ಫ್ಲಾರೆನ್ಸ್ ನೈಟಿಂಗೇಲರ ಅಕ್ಕ. ಹೀಗಾಗಿ ಫ್ಲಾರೆನ್ಸ್ ಅಕ್ಕನ ಮನೆಗೆ ಬಂದು ದಿನಗಟ್ಟಲೆ ಇರುತ್ತಿದ್ದರು. ನರ್ಸ್ ಅಂದರೆ ನೈಟಿಂಗೇಲ್ ಎಂದು ನಾವೆಲ್ಲ ಶಾಲೆಯಲ್ಲಿ ಓದಿದವರು. ಆದರೆ ಭಾರತಕ್ಕೆ ಒಮ್ಮೆಯೂ ಕಾಲಿಡದ ಆ ಹೆಂಗಸು ಭಾರತದ ಬರ, ನೀರಾವರಿ, ಹಳ್ಳಿಗಳ ನೈರ್ಮಲ್ಯದ ಬಗ್ಗೆ ವರ್ಷಗಟ್ಟಲೆ ಬರೆದರು ಎಂಬುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ.

ಬರ ಅಂದೆ ಅಲ್ವಾ. ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕತೆಯನ್ನೇ ನಿಮಗೆ ಹೇಳಬೇಕು ಎಂದು ನನಗೆ ಅನಿಸಿದ್ದು ಇದೇ ಕಾರಣಕ್ಕೆ.

ಏಲ್ಸ್‌ಬರಿಯಿಂದ ಬಂದ ಆ ಸಣ್ಣ ಹಳಿಯ ಕಂಪನಿಗೆ ಅಧ್ಯಕ್ಷರು ಬಕಿಂಗ್‌ಹ್ಯಾಂನ ಮೂರನೆಯ ಡ್ಯೂಕ್. ಇವರ ಅಪ್ಪ ಸಾಲ ಮಾಡಿ ಮನೆತನವನ್ನೇ ಮುಳುಗಿಸಿದ್ದರು. 1848ರಲ್ಲಿ ಅವರ ಸ್ಟೋ ಅರಮನೆಯ ಸಾಮಾನುಗಳು ಹರಾಜಾದವು. ಮಗ ಹಾಗಲ್ಲ, ದುಡಿಯುವ ಆಳು. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಎಂಬ ಭಾರಿ ರೈಲ್ವೆ ಕಂಪನಿಗೆ 1853ರಿಂದ 1861ರವರೆಗೆ ಅಧ್ಯಕ್ಷರಾಗಿದ್ದರು. ತಮ್ಮ ಜಮೀನಿನ ಬೆಳೆ, ಹಾಲು, ಕಲ್ಲಿದ್ದಲು ಸಾಗಿಸಲು ಕ್ವೇಂಟನ್ ರೋಡ್ ಸ್ಟೇಷನ್ನಿನಿಂದ ಬ್ರಿಲ್ ಎಂಬ ಗುಡ್ಡದೂರಿನ ಬುಡದವರೆಗೆ ಸ್ವಂತ ಹಣದಲ್ಲಿ ಟ್ರಾಮ್ ಹಳಿ ಹಾಕಿಸಿದರು. ಅದು 1871, 72ರ ಮಾತು.

ಅದಾದ ಮೂರೇ ವರ್ಷಕ್ಕೆ, 1875ರಲ್ಲಿ, ಈ ಡ್ಯೂಕ್ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿ ಹೊರಟರು. ಬಂದ ಮರುವರ್ಷವೇ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದುದು ಇದನ್ನೇ. 1876 ಧಾತು ಸಂವತ್ಸರ, 1877 ಈಶ್ವರ ಸಂವತ್ಸರ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿ, ಮೈಸೂರು ಸೀಮೆಯಲ್ಲಿ, ಜನ ಲಕ್ಷಗಟ್ಟಲೆ ಸತ್ತರು. ಆರಂಭದಲ್ಲಿ ಡ್ಯೂಕ್‌ರ ಸರ್ಕಾರ ಗುಟ್ಟಾಗಿ ಧಾನ್ಯ ಕೊಂಡಿಟ್ಟಿತು. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು ಎಂದು ವೈಸ್‌ರಾಯ್ ಲಿಟ್ಟನ್‌ರ ಆಡಳಿತ ಅದಕ್ಕೆ ಅಡ್ಡ ಬಂತು. ಆಮೇಲೆ ಬರದ ಕೂಲಿ ಕೆಲಸವಾಗಿ ಮದ್ರಾಸ್ ನಗರದಲ್ಲಿ ಕೂವಂ ಮತ್ತು ಅಡ್ಯಾರ್ ಹೊಳೆಗಳನ್ನು ಕೂಡಿಸುವ ಕಾಲುವೆ ತೋಡಿಸಿದರು. ಚೆನ್ನೈಗೆ ಹೋದವರು ಬಕಿಂಗ್‌ಹ್ಯಾಂ ಕೆನಾಲ್ ನೋಡಿರುತ್ತೀರಿ. ಆ ಹೆಸರು ಈ ಡ್ಯೂಕ್‌ರದು. ಅದನ್ನು ಅಗೆದವರು ಹೊಟ್ಟೆಗಿಲ್ಲದೆ ಬಂದ ಜನ.

ಇದನ್ನು ಓದಿದ ಮೇಲೆ ಆ ಹೊಲದ ನಡುವಿನ ಸ್ಟೇಷನ್ ನನಗೆ ಪರದೇಶದ್ದು ಎಂದು ಅನಿಸಲೇ ಇಲ್ಲ. ಇಲ್ಲಿ ಹಾಲು ಸಾಗಿಸಲು ಹಳಿ ಹಾಕಿಸಿದ ಮನುಷ್ಯನೇ ಅಲ್ಲಿ ಬರ ಎದುರಿಸಬೇಕಾಯಿತು. ಪಕ್ಕದ ಕ್ಲೇಡನ್ ಹೌಸಿಗೆ ಬಂದು ಹೋಗುತ್ತಿದ್ದ ಫ್ಲಾರೆನ್ಸ್ ಆ ಬರದ ಬಗ್ಗೆ ಬರೆಯುತ್ತಿದ್ದರು.

ಸರಿ, ಸ್ಟೇಷನ್ನಿಗೆ ವಾಪಸ್ ಬರೋಣ.

ಈಗ ವರ್ನಿ ಜಂಕ್ಷನ್ನಿಗೆ ನಾಲ್ಕು ದಿಕ್ಕು. ಪೂರ್ವಕ್ಕೆ ಬ್ಲೆಚ್ಲಿ. ನೈಋತ್ಯಕ್ಕೆ ಆಕ್ಸ್‌ಫರ್ಡ್. ವಾಯವ್ಯಕ್ಕೆ ಬಕಿಂಗ್‌ಹ್ಯಾಂ, ಬ್ಯಾನ್‌ಬರಿ. ದಕ್ಷಿಣಕ್ಕೆ ಏಲ್ಸ್‌ಬರಿ. ಮೂರು ಕವಲು ಒಂದು ಕಂಪನಿಯ ಕೈಯಲ್ಲಿ, ದಕ್ಷಿಣದ್ದು ಮಾತ್ರ ಬೇರೆ. ಆ ದಕ್ಷಿಣದ ಕಂಪನಿ ಬಡದು. ಸ್ವಂತ ಗಾಡಿ ಓಡಿಸುವ ಶಕ್ತಿಯೂ ಇರಲಿಲ್ಲ. ಗ್ರೇಟ್ ವೆಸ್ಟರ್ನ್ ಕಂಪನಿ ಅದರ ಪರವಾಗಿ ಗಾಡಿ ಓಡಿಸುತ್ತಿತ್ತು. ಹಾಗೇ ಬಿಟ್ಟಿದ್ದರೆ ಇದು ಯಾರಿಗೂ ಬೇಡದ ಹಳಿಯಾಗಿ ಉಳಿಯುತ್ತಿತ್ತು. ಆದರೆ ಅದರ ಮೇಲೆ ಒಬ್ಬರ ಕಣ್ಣು ಬಿತ್ತು. ಅವರು ಸರ್ ಎಡ್ವರ್ಡ್ ವಾಟ್ಕಿನ್.

ವಾಟ್ಕಿನ್ 1872ರಿಂದ ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯ ಅಧ್ಯಕ್ಷರು. ಜಗತ್ತಿನ ಮೊದಲ ನೆಲದಡಿ ರೈಲು, 1863ರಲ್ಲಿ ಶುರುವಾದದ್ದು, ಇದೇ ಕಂಪನಿಯದು. ಅದರ ಜೊತೆಗೆ ಮ್ಯಾಂಚೆಸ್ಟರ್ ಕಡೆಯ ಒಂದು ರೈಲ್ವೆಗೂ, ಡೋವರ್ ಕಡೆಗೆ ಹೋಗುವ ಸೌತ್ ಈಸ್ಟರ್ನ್ ರೈಲ್ವೆಗೂ ಅವರೇ ಅಧ್ಯಕ್ಷರು. ಈ ಮೂರನ್ನೂ ಜೋಡಿಸಿ, ಸಮುದ್ರದಡಿ ಸುರಂಗ ಕೊರೆದು, ಮ್ಯಾಂಚೆಸ್ಟರಿನಲ್ಲಿ ಹತ್ತಿದವರು ಪ್ಯಾರಿಸ್ಸಿನಲ್ಲಿ ಇಳಿಯಬೇಕು ಎಂಬುದು ಅವರ ಆಸೆ. ಸುಮ್ನೆ ಮಾತಲ್ಲ. 1880ರ ಹೊತ್ತಿಗೆ ಸುರಂಗದ ಕೆಲಸ ಶುರು ಮಾಡಿಸಿಯೇ ಬಿಟ್ಟರು. ಅದರ ಮೂಲಕ ಶತ್ರುಸೇನೆ ನುಗ್ಗಿ ಬರಬಹುದು ಎಂಬ ಹೆದರಿಕೆಯಿಂದ 1882ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ಸುರಂಗ ನಿಂತರೂ ವಾಟ್ಕಿನ್ ನಿಲ್ಲಲಿಲ್ಲ. ಮೆಟ್ರೊಪಾಲಿಟನ್ ಹಳಿಯನ್ನು ಲಂಡನ್ನಿನಿಂದ ಉತ್ತರಕ್ಕೆ ಎಳೆಯುತ್ತಲೇ ಹೋದರು. 1880ರಲ್ಲಿ ಹ್ಯಾರೋ. 1887ರಲ್ಲಿ ರಿಕ್‌ಮನ್ಸ್‌ವರ್ತ್. 1891ರಲ್ಲಿ ಡ್ಯೂಕ್‌ರ ಆ ಬಡ ಕಂಪನಿಯನ್ನು ಕೊಂಡೇಬಿಟ್ಟರು. ಡ್ಯೂಕ್ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. 1892ರಲ್ಲಿ ಲಂಡನ್ ಕಡೆಯ ಹಳಿ ಏಲ್ಸ್‌ಬರಿ ಮುಟ್ಟಿತು. ಮುಂದಿನ ಸಣ್ಣ ಹಳಿಯನ್ನು ಜೋಡಿ ಹಳಿ ಮಾಡಿದರು. 1897ರಿಂದ ಬೇಕರ್ ಸ್ಟ್ರೀಟ್‌ನಲ್ಲಿ ಹತ್ತಿ ಇಳಿಯದೆ ವರ್ನಿ ಜಂಕ್ಷನ್ನಿಗೆ ಬರುವಂತಾಯಿತು. ಸುಮಾರು 80 ಕಿಲೋಮೀಟರ್. ಲಂಡನ್ನಿನ ನೆಲದಡಿ ರೈಲು ಕಂಪನಿಯ ಕಟ್ಟಕಡೆಯ ಸ್ಟೇಷನ್, ದನ ಮೇಯುವ ಹೊಲದ ನಡುವೆ!

ಇದು ಇನ್ನೂ ದೊಡ್ಡದಾಗಬಹುದಿತ್ತು. ವಾಟ್ಕಿನ್‌ರ ಮ್ಯಾಂಚೆಸ್ಟರ್ ಕಡೆಯ ಕಂಪನಿ ಉತ್ತರದಿಂದ ತರುತ್ತಿದ್ದ ಹೆದ್ದಾರಿಯಂಥ ಹಳಿ ಎಲ್ಲಿ ಬಂದು ಸೇರುತ್ತದೋ ಆ ಜಾಗಕ್ಕೆ ಅದೃಷ್ಟ ಖುಲಾಯಿಸುತ್ತಿತ್ತು. 1899ರ ಮಾರ್ಚ್ 15ರಂದು ಆ ಹಳಿ, ಗ್ರೇಟ್ ಸೆಂಟ್ರಲ್ ಎಂಬ ಹೊಸ ಹೆಸರಿನಲ್ಲಿ, ಲಂಡನ್ನಿಗೆ ಬಂತು. ಆದರೆ ಸೇರಿದ್ದು ವರ್ನಿ ಜಂಕ್ಷನ್ನಿನಲ್ಲಲ್ಲ. ಹತ್ತು ಕಿಲೋಮೀಟರ್ ದಕ್ಷಿಣದ ಕ್ವೇಂಟನ್ ರೋಡ್‌ನಲ್ಲಿ. ನನ್ನ ಪ್ರಕಾರ ವರ್ನಿ ಜಂಕ್ಷನ್ನಿನ ಹಣೆಬರಹ ತೀರ್ಮಾನವಾದದ್ದು ಅವತ್ತೇ. ಮುಚ್ಚಲು ಇನ್ನೂ ಅರವತ್ತೊಂಬತ್ತು ವರ್ಷ ಇತ್ತು, ಆದರೆ ದೊಡ್ಡ ದಾರಿ ಪಕ್ಕದಲ್ಲಿ ಹಾದುಹೋಗಿತ್ತು.

ಹಾಗಂತ ಆ ಜಾಗಕ್ಕೆ ಸೊಗಸಿನ ದಿನಗಳು ಬರಲಿಲ್ಲ ಎಂದಲ್ಲ. 1910ರ ಜೂನ್‌ನಲ್ಲಿ ಮೆಟ್ರೊಪಾಲಿಟನ್ ಕಂಪನಿ ಎರಡು ಪುಲ್‌ಮನ್ ಬೋಗಿಗಳನ್ನು ಓಡಿಸಲು ಶುರು ಮಾಡಿತು. ಒಂದರ ಹೆಸರು ಮೇಫ್ಲವರ್, ಇನ್ನೊಂದು ಗ್ಯಾಲಟಿಯಾ. ಒಂದು ಬೋಗಿಯಲ್ಲಿ ಬರೀ 19 ಜನ. ಮೆತ್ತನೆಯ ಕುರ್ಚಿಗಳು. ಬೆಳಗ್ಗೆ ಲಂಡನ್ನಿಗೆ ಕೆಲಸಕ್ಕೆ ಹೋಗುವ ಸಾಹೇಬರಿಗೆ ದಾರಿಯಲ್ಲೇ ತಿಂಡಿ. ರಾತ್ರಿ ನಾಟಕ ನೋಡಿ ವಾಪಸಾಗುವವರಿಗೆ ಊಟ. ಲಂಡನ್ನಿನಿಂದ ಹ್ಯಾರೋವರೆಗೆ ಕರೆಂಟ್ ಎಂಜಿನ್, ಅಲ್ಲಿಂದ ಮುಂದೆ ಉಗಿ ಎಂಜಿನ್. ಇಂಥ ಬೋಗಿ ವರ್ನಿ ಜಂಕ್ಷನ್‌ವರೆಗೂ ಬರುತ್ತಿತ್ತು. ಚಳಿಗಾಲದ ರಾತ್ರಿ, ಸುತ್ತ ಕತ್ತಲು, ಹೊಲದ ನಡುವೆ ಒಂದು ದೀಪದ ಸಾಲು ಬಂದು ನಿಲ್ಲುವುದನ್ನು ನೆನೆಸಿಕೊಳ್ಳಿ.

ಕಂಪನಿಯ ಲೆಕ್ಕಾಚಾರ ಬೇರೆಯೇ ಇತ್ತು. ಹಳಿಯ ಪಕ್ಕದ ಹೊಲಗಳಲ್ಲಿ ಮನೆ ಕಟ್ಟಿಸಿ, ಲಂಡನ್ನಿನ ಜನರನ್ನು ಅಲ್ಲಿಗೆ ಕರೆತಂದು, ದಿನಾ ಟಿಕೆಟ್ ಕೊಳ್ಳುವಂತೆ ಮಾಡುವುದು. ಆ ಬಡಾವಣೆಗಳ ಸೀಮೆಗೆ 1915ರಲ್ಲಿ ಮೆಟ್ರೊ ಲ್ಯಾಂಡ್ ಎಂಬ ಹೆಸರು ಕೊಟ್ಟರು. ಹ್ಯಾರೋ, ಪಿನ್ನರ್, ರಿಕ್‌ಮನ್ಸ್‌ವರ್ತ್ ಕಡೆ ಇದು ಚೆನ್ನಾಗಿ ಫಲಿಸಿತು. ನಮ್ಮವರೂ ಇವತ್ತು ಅಲ್ಲಿ ಜಾಸ್ತಿ ಇದ್ದಾರೆ. ಆದರೆ ಆ ಅಲೆ ಏಲ್ಸ್‌ಬರಿ ದಾಟಿ ಬರಲಿಲ್ಲ. ವರ್ನಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದವರ ಸಾಲುಮನೆ ಬಂತು, ವರ್ನಿ ಆರ್ಮ್ಸ್ ಎಂಬ ಹೋಟೆಲು ಬಂತು. ಅಲ್ಲಿಗೆ ನಿಂತಿತು.

ಇಲ್ಲಿಂದ ಕವಲುಗಳು ಒಂದೊಂದಾಗಿ ಒಣಗಿದವು.

1933ರಲ್ಲಿ ಮೆಟ್ರೊಪಾಲಿಟನ್ ಕಂಪನಿ ಹೋಗಿ ಲಂಡನ್ ಪ್ಯಾಸೆಂಜರ್ ಟ್ರಾನ್ಸ್‌ಪೋರ್ಟ್ ಬೋರ್ಡ್ ಬಂತು. ಅದರ ಆಡಳಿತ ನೋಡುತ್ತಿದ್ದವರು ಫ್ರಾಂಕ್ ಪಿಕ್. ಲಂಡನ್ನಿಗೆ ಬಸ್ಸು ರೈಲು ಒದಗಿಸುವುದು ಅವರ ಕೆಲಸ. ಏಲ್ಸ್‌ಬರಿ ಆಚೆಯ ಹೊಲಗಳಿಗೂ ಲಂಡನ್ನಿಗೂ ಏನು ಸಂಬಂಧ ಎಂದು ಅವರು ಕೇಳಿದರೆ ತಪ್ಪು ಹೇಳಲಾಗದು. 1935ರ ನವೆಂಬರ್ 30ಕ್ಕೆ ಡ್ಯೂಕ್‌ರ ಬ್ರಿಲ್ ಹಳಿ ಮುಚ್ಚಿತು. 1936ರ ಜುಲೈ 6ರಿಂದ ಲಂಡನ್ನಿನ ಪ್ಯಾಸೆಂಜರ್ ಗಾಡಿ ವರ್ನಿ ಜಂಕ್ಷನ್ನಿಗೆ ಬರುವುದು ನಿಂತಿತು. ಮೊದಲ ಕವಲು ಹೋಯಿತು.

ಆಗಲೂ ಆ ದಾರಿಯಲ್ಲಿ ಗೂಡ್ಸ್ ಓಡುತ್ತಿತ್ತು. ಎರಡನೇ ಮಹಾಯುದ್ಧ ಬಂದಾಗ ಆಕ್ಸ್‌ಫರ್ಡ್‌ನಿಂದ ಬ್ಲೆಚ್ಲಿ ಮೂಲಕ ಕೇಂಬ್ರಿಡ್ಜ್‌ಗೆ ಹೋಗುವ ಹಳಿಗೆ ಬಿಡುವೇ ಇರಲಿಲ್ಲ. ಬಾಂಬು ಬೀಳುವ ಲಂಡನ್ನನ್ನು ತಪ್ಪಿಸಿ ಸರಕು ಸಾಗಿಸಲು ಅದೇ ದಾರಿ. ಗುಪ್ತಲಿಪಿ ಬಿಡಿಸುವ ಕೆಲಸಕ್ಕೆ ಬ್ಲೆಚ್ಲಿ ಪಾರ್ಕನ್ನು ಆರಿಸಿಕೊಳ್ಳಲು ಇದ್ದ ಕಾರಣಗಳಲ್ಲಿ ಈ ಹಳಿಯೂ ಒಂದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೂ ಕಡೆಯ ಮೇಷ್ಟ್ರುಗಳು ನೇರ ಬರಬಹುದಿತ್ತು. ಆದರೆ ಅದೇ ಯುದ್ಧ ವರ್ನಿ ಜಂಕ್ಷನ್ನಿಗೆ ಇನ್ನೊಂದು ಪೆಟ್ಟು ಕೊಟ್ಟಿತು. ಈ ಹಳಿಯನ್ನೂ ಗ್ರೇಟ್ ಸೆಂಟ್ರಲ್ ಹಳಿಯನ್ನೂ ನೇರ ಜೋಡಿಸಲು 1940ರಲ್ಲಿ ಕಾಲ್ವರ್ಟ್ ಬಳಿ ಹೊಸ ತುಂಡು ಹಳಿ ಹಾಕಿದರು. ಇನ್ನು ವರ್ನಿ ಜಂಕ್ಷನ್ನಿನ ಸುತ್ತು ಯಾರಿಗೆ ಬೇಕು? ದಕ್ಷಿಣದ ಹಳಿ 1947ರಲ್ಲಿ ಗೂಡ್ಸ್‌ಗೂ ಮುಚ್ಚಿಹೋಯಿತು.

ಉತ್ತರದ ಕವಲನ್ನು ಉಳಿಸಲು ಒಂದು ಒಳ್ಳೆಯ ಪ್ರಯತ್ನ ನಡೆಯಿತು. ಅದನ್ನು ಹೇಳದೆ ಹೋಗಲಾರೆ. 1956ರ ಆಗಸ್ಟ್‌ನಲ್ಲಿ ಬಕಿಂಗ್‌ಹ್ಯಾಂ, ಬ್ಯಾನ್‌ಬರಿ ನಡುವೆ ಒಂಟಿ ಬೋಗಿಯ ಹಗುರ ಡೀಸೆಲ್ ಗಾಡಿ ಬಿಟ್ಟರು. ಹೊಸದಾಗಿ ಎರಡು ಪುಟ್ಟ ನಿಲುಗಡೆ ಕಟ್ಟಿದರು. ಜನ ಬಂದರು. ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಂದರು. ನಷ್ಟ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಅಷ್ಟು ಸಾಕಾಯಿತು. 1961ರ ಜನವರಿ 2ರಿಂದ ಬ್ಯಾನ್‌ಬರಿಗೆ ಪ್ಯಾಸೆಂಜರ್ ಗಾಡಿ ಇಲ್ಲ. 1964ರ ಸೆಪ್ಟೆಂಬರ್ 7ರಿಂದ ಬಕಿಂಗ್‌ಹ್ಯಾಂಗೂ ಇಲ್ಲ. ಜನ ಬರುತ್ತಿದ್ದ ಗಾಡಿಯನ್ನು ನಿಲ್ಲಿಸಿದ್ದು ಇಂದಿಗೂ ನನಗೆ ನೋವಿನ ವಿಷಯ. ಸ್ವಲ್ಪ ತಾಳ್ಮೆ ಇದ್ದಿದ್ದರೆ ಸಾಕಿತ್ತು.

ಈಗ ಸ್ಟೇಷನ್ನಿನ ಹೆಸರಿನಲ್ಲಿ ಮಾತ್ರ ಜಂಕ್ಷನ್. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ನಡುವಿನ ಗಾಡಿ ಬರುತ್ತಿತ್ತು, ಹೋಗುತ್ತಿತ್ತು. ಇಳಿದು ಬದಲಿಸಲು ಇನ್ನೊಂದು ಗಾಡಿ ಇರಲಿಲ್ಲ. ಊರು ಇದ್ದಿದ್ದರೆ ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಎಂದು ಯಾರಾದರೂ ಟಿಕೆಟ್ ಕೇಳುತ್ತಿದ್ದರು. ಇಲ್ಲಿ ಯಾರು ಕೇಳಬೇಕು?

ಇನ್ನು 1967. ಆ ವರ್ಷದ ಎರಡು ತಾರೀಖು ನೀವು ನೆನಪಿಡಬೇಕು. ಜನವರಿ 23ರಂದು ಸರ್ಕಾರ ನಮ್ಮ ಮಿಲ್ಟನ್ ಕೀನ್ಸ್ ನಗರ ಕಟ್ಟುವ ಆದೇಶ ಹೊರಡಿಸಿತು. ಡಿಸೆಂಬರ್ 30ರಂದು, ಅದೇ ನಗರದ ಪಕ್ಕದಲ್ಲಿ ಹಾದುಹೋಗುವ ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಹಳಿಯಲ್ಲಿ ಕೊನೆಯ ಪ್ಯಾಸೆಂಜರ್ ಗಾಡಿ ಓಡಿತು. ಸುಮಾರು 125 ಕಿಲೋಮೀಟರ್ ದಾರಿಯಲ್ಲಿ ಬ್ಲೆಚ್ಲಿ, ಬೆಡ್‌ಫರ್ಡ್ ನಡುವಿನ ತುಂಡಿನಲ್ಲಿ ಮಾತ್ರ ಪ್ಯಾಸೆಂಜರ್ ಗಾಡಿ ಉಳಿಯಿತು. ಲಕ್ಷಗಟ್ಟಲೆ ಜನ ಬರುತ್ತಾರೆ ಎಂದು ಗೊತ್ತಿದ್ದೂ ಅವರ ಮನೆ ಮುಂದಿನ ರೈಲನ್ನು ಅದೇ ವರ್ಷ ನಿಲ್ಲಿಸಿದರು. ಇಷ್ಟು ವರ್ಷ ಆಕ್ಸ್‌ಫರ್ಡ್‌ಗೆ ಹೋಗಲು ನಾವೆಲ್ಲ ಕಾರಿನಲ್ಲಿ ಸಾಲುಗಟ್ಟಿ ನಿಂತಿದ್ದೇವಲ್ಲ, ಅದರ ಬೇರು ಅಲ್ಲಿದೆ.

1968ರ ಜನವರಿ 1ಕ್ಕೆ ವರ್ನಿ ಜಂಕ್ಷನ್ ಲೆಕ್ಕದಲ್ಲಿ ಮುಚ್ಚಿತು. ಗೂಡ್ಸ್ ಗಾಡಿಗಳು ಇನ್ನೂ ಕೆಲವು ಕಾಲ ಹಾದುಹೋದವು. 1993ರ ನಂತರ ಅವೂ ಇಲ್ಲ. ಹಳಿ ಕೀಳಲಿಲ್ಲ, ಹಾಗೇ ಬಿಟ್ಟರು. ತುಕ್ಕು ಹಿಡಿಯಿತು. ಹಳಿಗಳ ನಡುವೆ ಗಿಡ ಹುಟ್ಟಿ ಮರವಾಯಿತು. ನಾನು ಮೊದಲ ಸಲ ಹೋದಾಗ ಕಂಡದ್ದು ಅದೇ. ಮುಳ್ಳುಪೊದೆ ಸರಿಸಿದರೆ ಕೆಳಗೆ ಹಳಿ ಕಾಣುತ್ತಿತ್ತು. ಪ್ಲಾಟ್‌ಫಾರಂ ಅಂಚಿನ ಇಟ್ಟಿಗೆಗೆ ಪಾಚಿ ಕಟ್ಟಿತ್ತು. ಹಕ್ಕಿ ಕೂಗು ಬಿಟ್ಟರೆ ಸದ್ದಿಲ್ಲ. ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ನನಗೇ ತಿಳಿಯಲಿಲ್ಲ.

ಈಗ ಆ ಮರಗಳಿಲ್ಲ. ಈಸ್ಟ್ ವೆಸ್ಟ್ ರೈಲ್ ಎಂಬ ಹೆಸರಿನಲ್ಲಿ ಬಿಸ್ಟರ್‌ನಿಂದ ಬ್ಲೆಚ್ಲಿವರೆಗೆ ಅದೇ ಜಾಗದಲ್ಲಿ ಹೊಸ ಜೋಡಿ ಹಳಿ ಬಂದಿದೆ. ಪಕ್ಕದ ವಿನ್ಸ್ಲೋ ಪಟ್ಟಣಕ್ಕೆ ಹೊಸ ಸ್ಟೇಷನ್ ಕಟ್ಟಿದ್ದಾರೆ. ಕಾಲ್ವರ್ಟ್ ಹತ್ತಿರ ಎಚ್‌ಎಸ್2 ಎಂಬ ವೇಗದ ರೈಲಿನ ಹಳಿ ಈ ಹಳಿಯನ್ನು ದಾಟುತ್ತದೆ. ವಾಟ್ಕಿನ್ ಬಯಸಿದ್ದ ಉತ್ತರ ದಕ್ಷಿಣದ ದಾರಿ ಮತ್ತೆ ಅದೇ ಹೊಲಗಳಲ್ಲಿ ಬರುತ್ತಿದೆ. ವರ್ನಿ ಜಂಕ್ಷನ್ನಿಗೆ ಮಾತ್ರ ಸ್ಟೇಷನ್ ಇಲ್ಲ. ನನಗೆ ಇದರಲ್ಲಿ ತಕರಾರಿಲ್ಲ. ಸ್ಟೇಷನ್ ಬೇಕಾದದ್ದು ಜನ ಇರುವ ವಿನ್ಸ್ಲೋಗೆ. ಹಿಂದೆ ಇಲ್ಲಿ ನಿಲ್ಲುತ್ತಿದ್ದುದು ಕವಲುಗಳಿಗಾಗಿ, ಕವಲುಗಳೇ ಇಲ್ಲವಲ್ಲ.

ಆದರೆ ಹೆಸರು ಹೋಗಿಲ್ಲ. ಸ್ಟೇಷನ್ನಿಗೆ ಹೆಸರು ಕೊಡಲು ಅಲ್ಲಿ ಊರಿರಲಿಲ್ಲ ಎಂದೆನಲ್ಲ. ಈಗ ಒಂದು ಪುಟ್ಟ ಊರಿದೆ. ಆ ಸಾಲುಮನೆಗಳಲ್ಲಿ ಜನ ಇದ್ದಾರೆ. ಭೂಪಟದಲ್ಲಿ ಆ ಊರಿನ ಹೆಸರು ವರ್ನಿ ಜಂಕ್ಷನ್ ಎಂದೇ ಇದೆ. ಕಾಗದದ ಮೇಲೆ ವಿಳಾಸವೂ ಹಾಗೇ ಬರೆಯುತ್ತಾರೆ.

ಒಂದು ಭಾನುವಾರ ನಾವೆಲ್ಲ ಹೋಗಿ ಬರೋಣ. ವಿನ್ಸ್ಲೋದಿಂದ ಮೂರು ನಾಲ್ಕು ಕಿಲೋಮೀಟರ್ ಅಷ್ಟೇ, ಮಕ್ಕಳೂ ನಡೆಯಬಹುದು. ಸಂಜೆ ವಾಪಸ್ ಬರುವಾಗ ಕ್ವೇಂಟನ್ ರೋಡ್ ನೋಡೋಣ. ಅದು ಈಗ ರೈಲ್ವೆ ಮ್ಯೂಸಿಯಂ. ಆಕ್ಸ್‌ಫರ್ಡ್‌ನಲ್ಲಿದ್ದ ರ್‍ಯೂಲಿ ರೋಡ್ ಸ್ಟೇಷನ್ನಿನ ಹಳೆಯ ಕಟ್ಟಡವನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ವರ್ನಿ ಜಂಕ್ಷನ್ನಿನಲ್ಲಿ ಆಕ್ಸ್‌ಫರ್ಡ್ ಗಾಡಿ ಹತ್ತಿದವರು 1951ರವರೆಗೆ ಇಳಿಯುತ್ತಿದ್ದುದು ಆ ಕಟ್ಟಡದ ಮುಂದೆಯೇ.